‘ಇನ್ನಷ್ಟು ದಿನ ನೋಡೋಣ’ ಎಂದರೆ ಎಷ್ಟು ದಿನ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಎಳೆಯ ಮಕ್ಕಳ ಬೆಳವಣಿಗೆಯ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆಟಿಸಂ (ಇತರರೊಡನೆ ಬೆರೆಯುವ, ಸಂವಹಿಸುವ ರೀತಿ ಎಳವೆಯಿಂದಲೇ ಭಿನ್ನವಾಗಿ ಬೆಳೆಯುವ ಸ್ಥಿತಿ) ಕುರಿತವು ಹೆಚ್ಚಾಗಿವೆ. ಮಗುವಿಗಾಗಿ ಈಗಲೇ ಏನಾದರೂ ಮಾಡಬೇಕೇ, ಇಲ್ಲವೇ ಕಾಯಬಹುದೇ ಎಂಬ ಸಂದೇಹ ಅವುಗಳಲ್ಲಿ ಬಹುತೇಕ ಎಲ್ಲದರಲ್ಲೂ ಇದೆ. ಆದ್ದರಿಂದ ಈ ಸಂಚಿಕೆಯಲ್ಲಿ ಅಂಥ ಪತ್ರಗಳಿಗೆ ಮಾತ್ರ ಉತ್ತರಿಸಿದ್ದೇನೆ. ಬರೆದವರ ಹೆಸರು, ವಿಳಾಸಗಳನ್ನು ಬಿಟ್ಟು, ಪತ್ರಗಳನ್ನು ಅರ್ಥ ಕೆಡದಂತೆ ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತು ತಿಂಗಳು. ವರ್ಷ ತುಂಬುವ ಹೊತ್ತಿಗೆ ‘ಅಮ್ಮ’, ‘ಬಾ’, ‘ತಾ’ ಎನ್ನುತ್ತಿದ್ದವನು ಈಗ ಅದನ್ನೂ ನಿಲ್ಲಿಸಿದ್ದಾನೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಪಕ್ಕದ ಕೋಣೆಯಲ್ಲಿ ಮೊಬೈಲಿನ ಹಾಡು ಕೇಳಿಸಿದರೆ ಓಡುತ್ತಾನೆ. ಆಟದ ಕಾರನ್ನು ತಲೆಕೆಳಗು ಮಾಡಿ ಗಂಟೆಗಟ್ಟಲೆ ಚಕ್ರ ತಿರುಗಿಸುತ್ತಾ ಕೂರುತ್ತಾನೆ. ‘ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟದ್ದು’ ಎಂದು ಅತ್ತೆಯವರು ಧೈರ್ಯ ಹೇಳುತ್ತಾರೆ. ವೈದ್ಯರೂ ಮೂರು ವರ್ಷದವರೆಗೆ ನೋಡೋಣ ಎಂದಿದ್ದಾರೆ. ನಾನೇ ಅನಾವಶ್ಯಕವಾಗಿ ಗಾಬರಿಯಾಗುತ್ತಿದ್ದೇನೆಯೇ?

ಉತ್ತರ: ನಿಮ್ಮ ಗಾಬರಿ ಅನಾವಶ್ಯಕವಲ್ಲ. ಬಂದ ಮಾತು ಹೋಗುವುದು ಯಾವ ವಯಸ್ಸಿನಲ್ಲೇ ಕಂಡರೂ ಕಾದು ನೋಡಬಾರದ ಲಕ್ಷಣ. ಅದೊಂದೇ ಇದ್ದಿದ್ದರೂ ಮಗುವನ್ನು ಈ ತಿಂಗಳೇ ಪರೀಕ್ಷೆಗೆ ಕರೆದೊಯ್ಯಿರಿ ಎನ್ನುತ್ತಿದ್ದೆ. ಅದರ ಜೊತೆಗೆ ಹೆಸರಿಗೆ ತಿರುಗದಿರುವುದೂ ಸೇರಿದೆ. ಚಕ್ರ ತಿರುಗಿಸುವ ಆಟವನ್ನು ಎಷ್ಟೋ ಮಕ್ಕಳು ಆಡುತ್ತಾರಾದರೂ, ಮೊದಲೆರಡು ಸಂಗತಿಗಳ ಪಕ್ಕದಲ್ಲಿಟ್ಟು ನೋಡಿದಾಗ ಅದಕ್ಕೂ ಅರ್ಥ ಬರುತ್ತದೆ.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತಡವಾಗಿ ಮಾತು ಕಲಿತು ಆಮೇಲೆ ಎಲ್ಲರ ಸಮಕ್ಕೆ ಬರುವ ಮಕ್ಕಳು ನಿಜವಾಗಿಯೂ ಇದ್ದಾರೆ. ಆದರೆ ಅಂಥ ಮಗು ಮಾತಿಲ್ಲದಿದ್ದರೂ ಸುಮ್ಮನಿರುವುದಿಲ್ಲ: ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆ, ಕೈಬೀಸುತ್ತದೆ, ತಲೆಯಾಡಿಸುತ್ತದೆ, ಬಿದ್ದ ವಸ್ತುವನ್ನು ನೋಡಿ ನಿಮ್ಮ ಮುಖ ನೋಡಿ ನಗುತ್ತದೆ. ಬೆರಳು ಮಾಡಿ ತೋರಿಸುವುದರಲ್ಲೇ ಎರಡು ಬಗೆಗಳಿವೆ. ‘ಅದು ನನಗೆ ಬೇಕು’ ಎಂದು ತೋರಿಸುವುದು ಒಂದು. ‘ಅಲ್ಲಿ ನೋಡು, ಎಷ್ಟು ಚೆನ್ನಾಗಿದೆ’ ಎಂದು ತನ್ನ ಅಚ್ಚರಿಯನ್ನು ಹಂಚಿಕೊಳ್ಳಲು ತೋರಿಸುವುದು ಇನ್ನೊಂದು. ಬೇಕೆಂದು ಕೇಳಲು ನಿಮ್ಮ ಕೈಯನ್ನೇ ಉಪಕರಣದಂತೆ ಎಳೆದೊಯ್ಯುವ ಮಗು, ಎರಡನೆಯ ಬಗೆಯ ಬೆರಳನ್ನು ಹದಿನೆಂಟು ತಿಂಗಳಾದರೂ ಎತ್ತದಿದ್ದರೆ, ನಾನು ಅದರ ಶಬ್ದಭಂಡಾರವನ್ನು ಎಣಿಸುವುದಕ್ಕಿಂತ ಮೊದಲು ಈ ಬೆರಳಿನ ಬಗ್ಗೆಯೇ ಚಿಂತಿಸುತ್ತೇನೆ. ಹನ್ನೆರಡು ತಿಂಗಳಿಗೆ ತೊದಲೂ ಸನ್ನೆಯೂ ಇಲ್ಲದಿರುವುದು, ಹದಿನಾರು ತಿಂಗಳಿಗೆ ಒಂದೂ ಪದ ಬಾರದಿರುವುದು, ಎರಡು ವರ್ಷಕ್ಕೆ ಎರಡು ಪದಗಳನ್ನು ತಾನಾಗಿ ಜೋಡಿಸದಿರುವುದು, ಇವೂ ಪರೀಕ್ಷೆಗೆ ಸಾಕಾದ ಕಾರಣಗಳು. ಇನ್ನು, ಆಟಿಸಂನಲ್ಲಿ ವಂಶವಾಹಿಯ ಪಾತ್ರ ದೊಡ್ಡದು. ಆದ್ದರಿಂದ ತಂದೆ ತಡವಾಗಿ ಮಾತಾಡಿದ್ದನ್ನು ಸಮಾಧಾನಕ್ಕೆ ಬಳಸುವ ಬದಲು ವೈದ್ಯರಿಗೆ ತಿಳಿಸಬೇಕಾದ ಮಾಹಿತಿಯಾಗಿ ಬರೆದಿಟ್ಟುಕೊಳ್ಳಿ.

ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಹಾಡಿಗೆ ಓಡುವ ಮಗುವಿಗೆ ಕಿವಿ ಕೇಳುತ್ತದೆ ಎಂದು ಮನೆಯಲ್ಲೇ ತೀರ್ಮಾನಿಸುವಂತಿಲ್ಲ. ಕೆಲವು ಮಟ್ಟದ ಧ್ವನಿಗಳು ಮಾತ್ರ ಕೇಳಿಸದಿರುವ ಸಾಧ್ಯತೆಯೂ ಇದೆ. ಅನಂತರ ಮಕ್ಕಳ ಬೆಳವಣಿಗೆಯ ತಜ್ಞರನ್ನು ಕಾಣಿ. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ ‘ಎಂ-ಚಾಟ್’ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿಯಿದೆ. ತಂದೆ ತಾಯಿಯೇ ಹೌದು, ಇಲ್ಲ ಎಂದು ಉತ್ತರಿಸಬಹುದಾದದ್ದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಹದಿನೆಂಟು ಮತ್ತು ಇಪ್ಪತ್ತನಾಲ್ಕು ತಿಂಗಳಲ್ಲಿ ಪ್ರತಿಯೊಂದು ಮಗುವನ್ನೂ ಆಟಿಸಂಗಾಗಿ ತಪಾಸಣೆ ಮಾಡಬೇಕೆಂದು ಹೇಳುತ್ತದೆ. ತಪಾಸಣೆಯಲ್ಲಿ ಅನುಮಾನ ಕಂಡರೆ ಅದೇ ರೋಗನಿರ್ಣಯವಾಗುವುದಿಲ್ಲ, ನಿಜ. ಆದರೆ ಅನುಭವಿ ತಜ್ಞರು ಎರಡು ವರ್ಷದ ಆಸುಪಾಸಿನಲ್ಲಿ ಮಾಡಿದ ನಿರ್ಣಯ ಮುಂದೆಯೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹೀಗಿರುವಾಗ ಮೂರು ವರ್ಷದವರೆಗೆ ಕಾಯಲು ಹೇಳುವ ನನ್ನದೇ ವೃತ್ತಿಯವರ ಅಭ್ಯಾಸವನ್ನು ನಾನು ಒಪ್ಪಲಾರೆ.

ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಸರದಿ ಇರಬಹುದು. ಆ ಅವಧಿಯನ್ನೂ ಕಳೆದುಕೊಳ್ಳಬೇಡಿ. ಮಾತಿನ ಥೆರಪಿಯನ್ನೂ ಮನೆಯ ಆಟವನ್ನೂ ಆರಂಭಿಸಲು ಆಟಿಸಂ ಎಂಬ ಹೆಸರು ಕಾಗದದ ಮೇಲೆ ಬರಲೇಬೇಕೆಂದಿಲ್ಲ. ನಾಳೆ ಅದು ಆಟಿಸಂ ಅಲ್ಲವೆಂದು ತಿಳಿದರೆ ಮಗುವಿನೊಡನೆ ಹೆಚ್ಚು ಆಡಿದ್ದರಿಂದ ಯಾರಿಗೂ ನಷ್ಟವಿಲ್ಲ. ಹೌದೆಂದು ತಿಳಿದರೆ ಆರು ತಿಂಗಳು ಉಳಿದಿರುತ್ತದೆ. ಈ ಆರು ತಿಂಗಳಿಗೆ ಅಷ್ಟು ಬೆಲೆ ಏಕೆಂದರೆ, ಮೊದಲ ಕೆಲವು ವರ್ಷಗಳಲ್ಲಿ ಮಿದುಳಿನ ನರಕೋಶಗಳು ತಮ್ಮೊಳಗೆ ಅಪಾರ ಸಂಖ್ಯೆಯ ಕೊಂಡಿಗಳನ್ನು ಬೆಸೆದುಕೊಂಡು, ಬಳಕೆಯಾದವನ್ನು ಗಟ್ಟಿಮಾಡಿ, ಬಳಕೆಯಾಗದವನ್ನು ಕಳಚಿಕೊಳ್ಳುತ್ತಾ ಹೋಗುತ್ತವೆ. ಮುಖ ನೋಡುವ ಮಗು ದಿನಕ್ಕೆ ನೂರಾರು ಬಾರಿ ಮುಖದಿಂದ ಕಲಿಯುತ್ತದೆ; ಚಕ್ರವನ್ನೇ ನೋಡುವ ಮಗುವಿಗೆ ಆ ನೂರಾರು ಪಾಠಗಳು ತಪ್ಪುತ್ತವೆ. ಇಂದು ತಪ್ಪಿದ ಪಾಠದಿಂದ ನಾಳೆಯದು ಇನ್ನಷ್ಟು ಕಷ್ಟವಾಗುತ್ತದೆ, ಬಾಕಿಯ ಮೇಲೆ ಬಡ್ಡಿ ಬೆಳೆದ ಹಾಗೆ.

ಪ್ರಶ್ನೆ: ನಮ್ಮ ಎರಡೂವರೆ ವರ್ಷದ ಮಗಳಿಗೆ ಆಟಿಸಂ ಇದೆಯೆಂದು ನಿರ್ಣಯವಾಗಿದೆ. ಆರು ತಿಂಗಳಲ್ಲಿ ಪೂರ್ತಿ ಗುಣಪಡಿಸುತ್ತೇವೆ ಎಂಬ ಜಾಹೀರಾತುಗಳನ್ನು ಒಂದು ಕಡೆ ನೋಡುತ್ತೇನೆ. ಥೆರಪಿಯಿಂದ ಏನೂ ಆಗದು, ಹಣ ದಂಡ ಎನ್ನುವವರು ಇನ್ನೊಂದು ಕಡೆ ಇದ್ದಾರೆ. ಒಬ್ಬ ತಂದೆಯಾಗಿ ನಾನು ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬೇಡಿ. ‘ಗುಣಪಡಿಸುತ್ತೇವೆ’ ಎಂಬ ಮಾತಿಗೆ ಒಂದು ಹಳೆಯ ಆಧಾರವನ್ನು ಎತ್ತಿ ತೋರಿಸಲಾಗುತ್ತದೆ. ಇವಾರ್ ಲೋವಾಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1987ರಲ್ಲಿ, ವಾರಕ್ಕೆ 40 ಗಂಟೆಗಳ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಮೊದಲ ತರಗತಿಯನ್ನು ದಾಟಿ ಸಾಮಾನ್ಯ ಮಟ್ಟದ ಬುದ್ಧಿಮತ್ತೆಯನ್ನು ತೋರಿದರೆಂದು ಪ್ರಕಟಿಸಿದರು. ಆದರೆ ಆ ಮಕ್ಕಳನ್ನು ಗುಂಪುಗಳಿಗೆ ಹಂಚಿದ್ದು ಚೀಟಿ ಎತ್ತಿದಂತೆ ನಿಷ್ಪಕ್ಷಪಾತವಾಗಿ ಆಗಿರಲಿಲ್ಲ. ತರಬೇತಿಯಲ್ಲಿ ಗದರಿಕೆ, ಏಟುಗಳಂಥ ಶಿಕ್ಷೆಯೂ ಸೇರಿತ್ತು. ಬೇಗ ಆರಂಭಿಸಿದರೆ ಮಕ್ಕಳು ಕಲಿಯುತ್ತಾರೆ ಎಂಬ ಭರವಸೆಯನ್ನು ಜಗತ್ತಿಗೆ ಕೊಟ್ಟದ್ದು ಆ ಅಧ್ಯಯನವೇ ಆದರೂ, ಅದನ್ನು ಇಂದಿನ ಜಾಹೀರಾತಿಗೆ ಬಂಡವಾಳ ಮಾಡಿಕೊಳ್ಳುವುದು ಸರಿಯಲ್ಲ.

ಅನಂತರದ ಅಧ್ಯಯನಗಳು ಹೆಚ್ಚು ಎಚ್ಚರದಿಂದ ನಡೆದಿವೆ. ಸ್ಯಾಲಿ ರೋಜರ್ಸ್ ಮತ್ತು ಜೆರಾಲ್ಡಿನ್ ಡಾಸನ್ ರೂಪಿಸಿದ, ಆಟದ ಮೂಲಕವೇ ಕಲಿಸುವ ‘ಅರ್ಲಿ ಸ್ಟಾರ್ಟ್ ಡೆನ್ವರ್’ ಪದ್ಧತಿಯನ್ನು ಹದಿನೆಂಟರಿಂದ ಮೂವತ್ತು ತಿಂಗಳ 48 ಮಕ್ಕಳಲ್ಲಿ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಎರಡು ವರ್ಷಗಳ ಬಳಿಕ ಈ ಪದ್ಧತಿಯಲ್ಲಿ ಕಲಿತವರ ಬುದ್ಧಿಮತ್ತೆಯ ಅಂಕ ಸರಾಸರಿ 17.6ರಷ್ಟು ಏರಿತ್ತು; ಲಭ್ಯವಿದ್ದ ಸಾಮಾನ್ಯ ಸೇವೆಗಳನ್ನು ಪಡೆದವರಲ್ಲಿ ಏರಿಕೆ 7 ಮಾತ್ರ. ಭಾಷೆಯಲ್ಲೂ ದೈನಂದಿನ ನಡವಳಿಕೆಯಲ್ಲೂ ಅಂತರ ಕಂಡಿತು. ಆದರೆ ಆಟಿಸಂ ಲಕ್ಷಣಗಳ ತೀವ್ರತೆಯನ್ನು ಅಳೆಯುವ ಅಂಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜಾಹೀರಾತುಗಳು ಬಿಟ್ಟುಬಿಡುವುದು ಇಂಥ ಸಾಲುಗಳನ್ನೇ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವೆನಿಸಿದ್ದು ತಂದೆ ತಾಯಿಯ ಮೂಲಕ ನಡೆದ ಪ್ರಯೋಗಗಳು. ಬ್ರಿಟನ್ನಿನ ‘ಪ್ಯಾಕ್ಟ್’ ಅಧ್ಯಯನದಲ್ಲಿ 152 ಮಕ್ಕಳಿದ್ದರು. ಪೋಷಕರು ಮಗುವಿನೊಡನೆ ಆಡುವುದನ್ನು ವಿಡಿಯೋ ಮಾಡಿ, ಮಗು ಸಂವಹನಕ್ಕೆ ಪ್ರಯತ್ನಿಸಿದ ಕ್ಷಣಗಳನ್ನು ಚಿಕಿತ್ಸಕರು ಅವರಿಗೇ ತೋರಿಸಿ ಹೇಳಿಕೊಡುತ್ತಿದ್ದರು. 2010ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ ಲಕ್ಷಣಗಳ ಮೇಲಿನ ಪರಿಣಾಮ ಅಲ್ಪವೆಂದು ಕಂಡಿತ್ತು. ಸುಮಾರು ಆರು ವರ್ಷಗಳ ಬಳಿಕ ಅದೇ ಮಕ್ಕಳನ್ನು ಮತ್ತೆ ನೋಡಿದಾಗ ಒಳಿತು ಉಳಿದುಕೊಂಡಿತ್ತು. ಆಸ್ಟ್ರೇಲಿಯಾದಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನವಂತೂ ನಿರ್ಣಯಕ್ಕೂ ಮೊದಲೇ ಕೈಹಾಕಿತು. ಒಂದು ವರ್ಷದ ಆಸುಪಾಸಿನ, ಆರಂಭಿಕ ಲಕ್ಷಣಗಳಿದ್ದ ಸುಮಾರು ನೂರು ಶಿಶುಗಳಲ್ಲಿ ಅರ್ಧದಷ್ಟು ಕುಟುಂಬಗಳಿಗೆ ಇಂಥದೇ ವಿಡಿಯೋ ತರಬೇತಿ ದೊರೆಯಿತು. ಮೂರು ವರ್ಷವಾದಾಗ ಆ ಗುಂಪಿನಲ್ಲಿ ಶೇ. 6.7 ಮಕ್ಕಳಿಗೆ ಆಟಿಸಂ ನಿರ್ಣಯವಾದರೆ ಇನ್ನೊಂದು ಗುಂಪಿನಲ್ಲಿ ಶೇ. 20.5 ಮಕ್ಕಳಿಗೆ ಆಯಿತು. ಒಂದೇ ಅಧ್ಯಯನವನ್ನು ನೆಚ್ಚಿ ಎಲ್ಲವನ್ನೂ ಹೇಳಲಾಗದು, ಆದರೂ ಹೆಸರಿಗಾಗಿ ಕಾಯದೆ ನೆರವನ್ನು ಆರಂಭಿಸಬೇಕೆಂಬ ಮಾತಿಗೆ ಇದು ಒಳ್ಳೆಯ ಬೆಂಬಲ.

ನಿಮ್ಮ ಮಗಳು ಎಷ್ಟರಮಟ್ಟಿಗೆ ಮುಂದುವರಿಯುತ್ತಾಳೆಂದು ಯಾರೂ ಮುಂಗಡವಾಗಿ ಹೇಳಲಾರರು. ಹೇಳುವವರು ಸಿಕ್ಕರೆ ಅಲ್ಲಿಂದ ಹೊರಡಿ. ಸಾಮಾಜಿಕ ಸಂವಹನದ ತೊಡಕನ್ನು ನಿವಾರಿಸುವ ಔಷಧ ಇಂದಿಗೂ ಇಲ್ಲ. ರಿಸ್ಪೆರಿಡೋನ್, ಅರಿಪಿಪ್ರಜೋಲ್‌ಗಳನ್ನು ತೀವ್ರ ಸಿಡುಕು, ಸ್ವಹಾನಿಯಂಥ ತೊಂದರೆಗಳಿಗೆ ಮಾತ್ರ, ಅದೂ ತಜ್ಞರ ನಿಗಾದಲ್ಲಿ ಕೊಡುತ್ತಾರೆ. ಲೋಹದ ವಿಷ ತೆಗೆಯುತ್ತೇವೆ ಎನ್ನುವ ‘ಕೀಲೇಷನ್’ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಮಗುವೊಂದು ಪ್ರಾಣ ಕಳೆದುಕೊಂಡಿತು. ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ, ಒತ್ತಡದ ಆಮ್ಲಜನಕದ ಕೋಣೆ ಮೊದಲಾದವುಗಳಿಗೆ ಸಾಲ ಮಾಡಬೇಡಿ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ ಮೂರು ವರ್ಷ. ವಾರಕ್ಕೆ ಎರಡು ಬಾರಿ, ತಲಾ ಮುಕ್ಕಾಲು ಗಂಟೆಯ ಥೆರಪಿ ಮಾತ್ರ ಸಿಗುತ್ತಿದೆ. ವಾರಕ್ಕೆ ಇಪ್ಪತ್ತು ಗಂಟೆ ಬೇಕೆಂದು ಓದಿ ನಿದ್ದೆ ಬರುತ್ತಿಲ್ಲ. ಮನೆಯಲ್ಲಿ ಏನು ಮಾಡಬಹುದು?

ಉತ್ತರ: ಮೊದಲು ಗಂಟೆಗಳ ಲೆಕ್ಕ ಬಿಡಿ. ಗಂಟೆ ಹೆಚ್ಚಿದಷ್ಟೂ ಫಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಂಬುದು ಖಚಿತವಾಗಿಲ್ಲ. ಚಿಕಿತ್ಸಕರ ಕೋಣೆಯಲ್ಲಿ ಮಗು ಇರುವುದು ಒಂದೂವರೆ ಗಂಟೆ. ವಾರದ ಉಳಿದ ಎಚ್ಚರದ ಹೊತ್ತೆಲ್ಲ ನಿಮ್ಮ ಸುತ್ತಲೇ. ಸ್ನಾನ, ಬಟ್ಟೆ ತೊಡಿಸುವುದು, ಊಟ, ಮಲಗಿಸುವುದು, ಇವನ್ನು ಹೇಗೂ ಮಾಡುತ್ತೀರಿ. ಇವುಗಳ ಒಳಗೇ ಕಲಿಕೆಯನ್ನು ಸೇರಿಸುವುದು ಸಾಧ್ಯ.

ನೆಲದ ಮೇಲೆ, ಅವನ ಎದುರು, ಅವನ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಅವನು ಚಕ್ರ ತಿರುಗಿಸುತ್ತಿದ್ದರೆ ಕಾರನ್ನು ಕಿತ್ತುಕೊಂಡು ‘ಸರಿಯಾದ’ ಆಟ ಹೇಳಿಕೊಡಬೇಡಿ; ನೀವೂ ಇನ್ನೊಂದು ಕಾರಿನ ಚಕ್ರ ತಿರುಗಿಸಿ. ತನ್ನನ್ನು ಯಾರೋ ಅನುಕರಿಸುತ್ತಿದ್ದಾರೆಂದು ಗೊತ್ತಾದಾಗ ಅನೇಕ ಮಕ್ಕಳು ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಆ ಒಂದು ನೋಟವೇ ನಿಮ್ಮ ಆರಂಭ. ಆಮೇಲೆ ಚಕ್ರವನ್ನು ತಟ್ಟನೆ ನಿಲ್ಲಿಸಿ ಅವನತ್ತ ನೋಡುತ್ತಾ ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಹತ್ತು ಎಣಿಸುವುದು ತಂದೆ ತಾಯಿಗೆ ಅತ್ಯಂತ ಕಷ್ಟದ ಕೆಲಸ. ಮೂರಕ್ಕೇ ಬಾಯಿ ಬಿಡುತ್ತೇವೆ. ಮಗು ಕಣ್ಣಿನಿಂದಲೋ, ಕೈಯಿಂದಲೋ, ಒಂದು ಸದ್ದಿನಿಂದಲೋ ‘ಇನ್ನೂ ಬೇಕು’ ಎಂದು ಸೂಚಿಸಿದ ಕೂಡಲೇ ಚಕ್ರವನ್ನು ತಿರುಗಿಸಿ, ‘ತಿರುಗು!’ ಎಂಬ ಒಂದೇ ಪದ ಹೇಳಿ. ಅವನಿಗೆ ಮಾತೇ ಇಲ್ಲದಿದ್ದರೆ ನಿಮ್ಮದು ಒಂದು ಪದ. ಅವನು ಒಂದು ಪದ ಆಡುವವನಾದರೆ ನಿಮ್ಮದು ಎರಡು. ‘ಇದೇನು? ಅದೇನು? ಹೇಳು, ಹೇಳು’ ಎಂಬ ಪರೀಕ್ಷೆ ಬೇಡ. ಪ್ರಶ್ನೆಗಳ ಮಳೆಯಲ್ಲಿ ಮಾತನಾಡುವ ಮಕ್ಕಳೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಅವನಿಗೆ ಪ್ರಿಯವಾದ ವಸ್ತುವನ್ನು ಕಾಣುವಂಥ, ಆದರೆ ಅವನಿಂದ ತೆರೆಯಲಾಗದ ಪಾರದರ್ಶಕ ಡಬ್ಬಿಯಲ್ಲಿಡಿ. ನಿಮ್ಮ ನೆರವು ಬೇಕಾಗುವ ಸಂದರ್ಭವನ್ನು ಹೀಗೆ ಜಾಣತನದಿಂದ ಸೃಷ್ಟಿಸಬಹುದು. ಆದರೆ ಅವನು ಅಳುವವರೆಗೆ ಎಳೆಯಬೇಡಿ. ಕೇಳುವ ಪ್ರಯತ್ನ ಎಷ್ಟೇ ಅಸ್ಪಷ್ಟವಾಗಿದ್ದರೂ ತಕ್ಷಣ ಫಲ ಸಿಗಬೇಕು. ಪರಿಚಿತ ಹಾಡನ್ನು ಹಾಡುತ್ತಾ ಸಾಲಿನ ಕೊನೆಯ ಪದದ ಮುಂಚೆ ನಿಲ್ಲಿಸುವುದು, ಅಂಗಿಯನ್ನು ತಲೆಗೆ ತೊಡಿಸಿ ‘ಎಲ್ಲಿ? ಎಲ್ಲಿ?’ ಎಂದು ಹುಡುಕಿ ಮುಖ ಕಂಡಾಗ ನಗುವುದು, ಉಯ್ಯಾಲೆಯನ್ನು ತಡೆದು ಹಿಡಿದು ಅವನ ಸೂಚನೆಗೆ ಕಾಯುವುದು, ಇವೆಲ್ಲ ಅದೇ ತತ್ತ್ವದ ಆಟಗಳು. ದಿನಕ್ಕೆ ಐದೈದು ನಿಮಿಷದ ಹತ್ತು ಸಂದರ್ಭಗಳು ಸಿಕ್ಕರೂ ಒಳ್ಳೆಯದೇ.

ಮೊಬೈಲಿನಿಂದ ಆಟಿಸಂ ಬರುತ್ತದೆ ಎಂಬುದು ಸಾಬೀತಾದ ಸಂಗತಿಯಲ್ಲ. ಆದರೆ ಪರದೆಯ ಮುಂದಿನ ಹೊತ್ತು ನಿಮ್ಮ ಮುಖದ ಮುಂದಿನ ಹೊತ್ತನ್ನು ನುಂಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಹೇಳಿತು.

ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಪೋಷಕರು ಆಡುವ ರೀತಿ ಬದಲಾದರೆ ಮಗುವಿಗೆ ಒಳಿತೆಂದು ಹೇಳಿದ ಕೂಡಲೇ, ಹಾಗಾದರೆ ಇಷ್ಟು ದಿನ ನಾವೇ ತಪ್ಪು ಮಾಡಿದೆವೇ ಎಂದು ಅನೇಕ ತಾಯಂದಿರು ಕೇಳುತ್ತಾರೆ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ವಿವರಿಸಿ ಆಟಿಸಂಗೆ ರೂಪ ಕೊಟ್ಟ ಮೇಲೆ ಕೆಲವು ದಶಕಗಳ ಕಾಲ ವೈದ್ಯಲೋಕವು ತಾಯಿಯ ಪ್ರೀತಿ ತಣ್ಣಗಿರುವುದೇ ಇದಕ್ಕೆ ಕಾರಣವೆಂದು ದೂಷಿಸಿತು. ಆಟಿಸಂ ಇದ್ದ ಮಗನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಬಲವಾಗಿ ಖಂಡಿಸಿದರು. ಆ ದೂಷಣೆ ವಿಜ್ಞಾನದಿಂದ ಹೊರಬಿದ್ದಿದೆ, ಮನೆಗಳಿಂದ ಇನ್ನೂ ಪೂರ್ತಿ ಹೊರಬಿದ್ದಿಲ್ಲ. ಸಾಮಾನ್ಯ ಮಗುವಿಗೆ ಸಾಕಾಗುವಷ್ಟು ಸಹಜ ಆಟ ಈ ಮಗುವಿಗೆ ಸಾಲುವುದಿಲ್ಲ, ಹೆಚ್ಚು ಸ್ಪಷ್ಟವಾದ, ಹೆಚ್ಚು ನಿಧಾನವಾದ ಆಟ ಬೇಕು. ತರಬೇತಿಯ ಅರ್ಥ ಇಷ್ಟೇ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಚಿತ್ರದ ಕಾರ್ಡುಗಳನ್ನು ಕೊಟ್ಟು ಬೇಕಾದ್ದನ್ನು ಕೇಳಲು ಕಲಿಸುತ್ತಿದ್ದಾರೆ. ಕಾರ್ಡಿನಲ್ಲೇ ಕೆಲಸ ಆಗುವಾಗ ಅವನು ಮಾತೇಕೆ ಕಲಿಯುತ್ತಾನೆ? ಮನೆಯಲ್ಲಿ ಎರಡು ಭಾಷೆ ಇರುವುದರಿಂದಲೇ ಗೊಂದಲವಾಗಿದೆ ಎಂದೂ ಕೆಲವರು ಹೇಳುತ್ತಾರೆ.

ಉತ್ತರ: ಅಜ್ಜನವರ ಆತಂಕ ಸಹಜವಾದದ್ದು, ಆದರೆ ಅಧ್ಯಯನಗಳು ಅದಕ್ಕೆ ವಿರುದ್ಧವಾಗಿವೆ. ಚಿತ್ರ, ಸನ್ನೆ, ಮಾತನಾಡುವ ಸಾಧನ, ಇವು ಮಾತನ್ನು ತಡೆಯುವುದಿಲ್ಲ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದೆ ಕೂಡ. ಕಾರ್ಡು ಕೊಟ್ಟಾಗ ಎದುರಿನವರು ಸ್ಪಂದಿಸುತ್ತಾರೆಂದು ಮಗು ಕಲಿಯುತ್ತದೆ, ಮಾತಿಗೂ ಅದೇ ತಿಳಿವಳಿಕೆ ಬೇಕು. ಜೊತೆಗೆ, ಕೇಳುವ ದಾರಿ ಗೊತ್ತಿಲ್ಲದೆ ಕಿರುಚುತ್ತಿದ್ದ ಮಗುವಿನ ಕಿರುಚಾಟ ಎಷ್ಟೋ ಸಲ ಕಾರ್ಡಿನಿಂದ ಇಳಿಯುತ್ತದೆ. ಕಾರ್ಡು ತೋರಿಸಿದಾಗ ಆ ವಸ್ತುವಿನ ಹೆಸರನ್ನು ನೀವು ಬಾಯಲ್ಲಿ ಹೇಳಿ ಕೊಡಿ. ಅವನು ಕೇಳಿದ ವಾಕ್ಯವನ್ನೇ ಮರುನುಡಿಯುತ್ತಿದ್ದರೆ ಅದನ್ನೂ ಗಿಳಿಪಾಠವೆಂದು ನಿಲ್ಲಿಸಬೇಡಿ, ‘ನೀರು ಬೇಕಾ?’ ಎಂದು ಅವನೇ ಕೇಳಿದರೆ ಬಹುಶಃ ತನಗೆ ನೀರು ಬೇಕೆಂದು ಹೇಳುತ್ತಿದ್ದಾನೆ.

ಎರಡು ಭಾಷೆಗಳಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ನಿಮಗೆ ಹೃದಯದಿಂದ ಬರುವ ಭಾಷೆಯಲ್ಲೇ ಮೊಮ್ಮಗನೊಡನೆ ಮಾತನಾಡಿ. ಅರೆಬರೆ ಬರುವ ಭಾಷೆಯಲ್ಲಿ ಆಡಿದ ನಾಲ್ಕು ಮಾತಿನಲ್ಲಿ ಲಾಲಿಯೂ ಇರುವುದಿಲ್ಲ, ತಮಾಷೆಯೂ ಇರುವುದಿಲ್ಲ.

ಪ್ರಶ್ನೆ: ಮೊದಲ ಮಗನಿಗೆ ಆಟಿಸಂ ಇದೆ. ದಡಾರದ ಲಸಿಕೆಯ ನಂತರವೇ ಹೀಗಾಯಿತೆಂದು ಬಂಧುಗಳು ಹೇಳುತ್ತಾರೆ. ಈಗ ಎಂಟು ತಿಂಗಳ ಮಗಳಿಗೆ ಲಸಿಕೆ ಹಾಕಿಸಲು ಭಯವಾಗುತ್ತಿದೆ.

ಉತ್ತರ: ಹಾಕಿಸಿ. ಈ ಭಯ ಹುಟ್ಟಿದ್ದು 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯರು ಕೇವಲ 12 ಮಕ್ಕಳ ಬಗ್ಗೆ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ. ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವರ ಹೆಸರನ್ನೂ ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಅನುಸರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಲಸಿಕೆ ಹಾಕುವ ವಯಸ್ಸೂ ಲಕ್ಷಣಗಳು ಕಣ್ಣಿಗೆ ಬೀಳುವ ವಯಸ್ಸೂ ಒಂದೇ ಆಗಿರುವುದರಿಂದ ಮನಸ್ಸು ಎರಡನ್ನೂ ಗಂಟುಹಾಕುತ್ತದೆ.

ನೀವು ಗಮನಿಸಬೇಕಾದದ್ದು ಬೇರೆಯಿದೆ. ಮೊದಲ ಮಗುವಿಗೆ ಆಟಿಸಂ ಇದ್ದರೆ ತಂಗಿ ತಮ್ಮಂದಿರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಬರುವುದು ಅಧ್ಯಯನಗಳಲ್ಲಿ ಕಂಡಿದೆ. ಐವರಲ್ಲಿ ನಾಲ್ವರಿಗೆ ಬರುವುದಿಲ್ಲ ಎಂದೂ ಇದನ್ನು ಓದಬಹುದು. ಮಗಳ ನಗು, ನೋಟ, ಹೆಸರಿಗೆ ತಿರುಗುವುದು, ಇವನ್ನು ಈಗಿನಿಂದಲೇ ಎರಡು ಮೂರು ತಿಂಗಳಿಗೊಮ್ಮೆ ತಜ್ಞರಿಗೆ ತೋರಿಸುತ್ತಾ ಬನ್ನಿ.

ಪ್ರಶ್ನೆ: ನನ್ನ ಮಗಳಿಗೆ ಆಟಿಸಂ ಇದೆಯೆಂದು ತಿಳಿದದ್ದು ಏಳನೆಯ ವಯಸ್ಸಿನಲ್ಲಿ. ಚೆನ್ನಾಗಿ ಮಾತನಾಡುತ್ತಾಳೆ, ಓದುತ್ತಾಳೆ. ಶಾಲೆಯಿಂದ ಬಂದ ಮೇಲೆ ದಿನವೂ ಕುಸಿದು ಅಳುತ್ತಾಳೆ. ನೀವೆಲ್ಲ ಬೇಗ, ಬೇಗ ಎಂದು ಬರೆಯುವಾಗ ನನಗೆ ಎದೆ ಒಡೆಯುತ್ತದೆ. ನಾವು ಕಾಲ ಕಳೆದುಕೊಂಡೆವೇ?

ಉತ್ತರ: ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯನ್ನು ಆಟಿಸಂ ಕುರಿತ ಭಾಷಣಗಳಲ್ಲಿ ಬಳಸುವುದನ್ನು ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಮಗುವನ್ನು ಬಗ್ಗಿಸುವುದು ನಮ್ಮ ಉದ್ದೇಶವೇ ಅಲ್ಲ, ಮಿದುಳು ಮರದಂತೆ ಗಟ್ಟಿಯಾಗಿ ನಿಂತುಬಿಡುವುದೂ ಇಲ್ಲ. ಬೇಗ ಆರಂಭಿಸಿದರೆ ಭಾಷೆ, ಸಂವಹನಗಳ ಬುನಾದಿಗೆ ಹೆಚ್ಚು ಅನುಕೂಲ ಎಂಬುದು ನಿಜ. ಏಳಕ್ಕೆ, ಹದಿನೇಳಕ್ಕೆ ಕಲಿಯುವುದು ನಿಂತುಹೋಗುತ್ತದೆ ಎಂಬುದು ನಿಜವಲ್ಲ.

ನಿಮ್ಮ ಮಗಳಂಥವರು ತಡವಾಗಿ ಗುರುತಾಗುವುದಕ್ಕೆ ತಂದೆ ತಾಯಿಯ ಅಲಕ್ಷ್ಯಕ್ಕಿಂತ ನಮ್ಮ ಅಳತೆಗೋಲಿನ ದೋಷವೇ ಹೆಚ್ಚಿನ ಕಾರಣ. ಕ್ಯಾನರ್ ವಿವರಿಸಿದ ಹನ್ನೊಂದು ಮಕ್ಕಳಲ್ಲಿ ಎಂಟು ಗಂಡುಮಕ್ಕಳು. ಆಮೇಲೂ ಲಕ್ಷಣಗಳ ಪಟ್ಟಿ ಬಹುಮಟ್ಟಿಗೆ ಹುಡುಗರನ್ನು ನೋಡಿಯೇ ಬೆಳೆಯಿತು. ಅನೇಕ ಹುಡುಗಿಯರು ಸಹಪಾಠಿಗಳ ನಡೆನುಡಿಯನ್ನು ಗಮನಿಸಿ, ಅನುಕರಿಸಿ, ತಮ್ಮ ತೊಡಕನ್ನು ಮರೆಮಾಚುತ್ತಾರೆ. ಶಾಲೆಯಲ್ಲಿ ಆರು ಗಂಟೆ ಹೀಗೆ ನಟಿಸಿದ ದಣಿವು ಮನೆಯಲ್ಲಿ ಅಳುವಾಗಿ ಹೊರಬರುತ್ತಿರಬಹುದು. ಶಾಲೆ ಬಿಟ್ಟ ಮೇಲಿನ ಮೊದಲ ಒಂದು ಗಂಟೆ ಅವಳನ್ನು ಏನೂ ಕೇಳಬೇಡಿ. ಮನೆಪಾಠ, ಅತಿಥಿ, ಹೊಸ ತರಗತಿ ಯಾವುದೂ ಬೇಡ. ಯಾವ ಸದ್ದು, ಯಾವ ಬೆಳಕು, ಯಾವ ಬಟ್ಟೆ ಅವಳನ್ನು ಹಿಂಸಿಸುತ್ತದೆಂದು ಪತ್ತೆಮಾಡಿ ಶಿಕ್ಷಕರೊಡನೆ ಮಾತನಾಡಿ. ಅವಳು ಮೂರು ವರ್ಷದವಳಲ್ಲದ್ದರಿಂದ ನಿಮಗೊಂದು ಅನುಕೂಲವೂ ಇದೆ: ಯಾವುದು ಕಷ್ಟವೆಂದು ಅವಳನ್ನೇ ಕೇಳಬಹುದು, ಅವಳೇ ಹೇಳಬಲ್ಲಳು.

ಪ್ರಶ್ನೆ: ಮುಂದಿನ ವಾರ ಮಗುವಿನ ಮೊದಲ ಭೇಟಿಯಿದೆ. ಏನು ಸಿದ್ಧಮಾಡಿಕೊಳ್ಳಬೇಕು?

ಉತ್ತರ: ಹೊಸ ಕೋಣೆಯಲ್ಲಿ, ಹೊಸ ಮುಖದ ಎದುರು ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ಆದ್ದರಿಂದ ಮೊಬೈಲಿನಲ್ಲಿ ಎರಡೆರಡು ನಿಮಿಷದ ಮೂರು ನಾಲ್ಕು ವಿಡಿಯೋ ತೆಗೆದಿಡಿ: ಒಂಟಿಯಾಗಿ ಆಡುವಾಗ, ನಿಮ್ಮೊಡನೆ ಆಡುವಾಗ, ಊಟದ ಹೊತ್ತಿನಲ್ಲಿ, ಬೇರೆ ಮಕ್ಕಳ ನಡುವೆ. ನಿಮಗೆ ಆತಂಕ ತಂದ ವರ್ತನೆಯ ವಿಡಿಯೋ ಇದ್ದರೆ ಅದೂ ಇರಲಿ. ಮೊದಲ ನಗು, ನಡಿಗೆ, ಮಾತು ಯಾವ ತಿಂಗಳಲ್ಲಿ ಬಂದವು, ಯಾವುದಾದರೂ ಬಂದು ಹೋಯಿತೇ ಎಂಬುದನ್ನು ಹಳೆಯ ಫೋಟೋಗಳ ದಿನಾಂಕ ನೋಡಿ ಬರೆದುಕೊಳ್ಳಿ. ನಿದ್ದೆ, ಮಲಬದ್ಧತೆ, ಒಮ್ಮೆಲೇ ಮಂಕಾಗಿ ನಿಲ್ಲುವುದು, ಇವನ್ನು ಮರೆಯದೆ ಹೇಳಿ. ಮತ್ತೊಂದು ಕಾಗದದಲ್ಲಿ ಮಗು ಯಾವುದಕ್ಕೆ ನಗುತ್ತದೆ, ಯಾವ ವಸ್ತುವನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಬರೆಯಿರಿ, ಸಾಧ್ಯವಾದರೆ ಆ ವಸ್ತುವನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಮೊದಲ ದಿನದ ಆಟವನ್ನು ಚಿಕಿತ್ಸಕರು ಅದರಿಂದಲೇ ಆರಂಭಿಸುತ್ತಾರೆ.